ದನಿ ಬಂದಿಲ್ಲ ಇನ್ನೂ

ಫಕ್ಕೀರವ್ವನ ಟೀವಿಯ ಮೂಲೆಯ ಸ್ಟಿಕ್ಕರ್ ಇನ್ನೂ ಕಿತ್ತಿಲ್ಲ,
ಕಂತೂ ತೀರಿಲ್ಲ.
ರಿಮೋಟಿಗೆ ಪ್ಲಾಸ್ಟಿಕ್ ಅಂಗಿ,
ಸೊಂಟಕ್ಕೆ ರಬ್ಬರ್ ಬ್ಯಾಂಡಿನ ಉಡದಾರ.

ಧಾರವಾಡದಿಂದ ನಾನು ತಂದ ವಾಯರು ಗಿಡ್ಡ.
ಲ್ಯಾಪ್‌ಟಾಪ್ ಹಿಟ್ಟಿನ ಡಬ್ಬಿಯ ಮೇಲೆ,
ಡಬ್ಬಿ ಕುರ್ಚಿಯ ಮೇಲೆ,
ಕುರ್ಚಿ ಗೋಡೆಗೆ ಒತ್ತಿ
ಟೀವಿಯ ಹಿಂದೆ ಕೈ ಹಾಕಿ ತಡವಿದೆ,
ಕತ್ತಲಲ್ಲಿ ಎಮ್ಮೆಯ ಕೆಚ್ಚಲು ಹುಡುಕುವ ಹಾಗೆ.
ಇದ್ದದ್ದು ಎರಡು ತೂತು.
ಒಂದರಲ್ಲಿ ಡಿಶ್‌ನವನು ಮೊದಲೇ ಕೂತಿದ್ದ.
ಇನ್ನೊಂದಕ್ಕೆ ಸಿಕ್ಕಿಸಿದೆ.

ನೀಲಿ ಬಂತು. ಬರೀ ನೀಲಿ.
"ಚಂದ ಐತಿ" ಅಂದಳು ಹುಸೇನಬೀ,
"ಇದ ಏನ ನಿನ್ನ ಪಿಚ್ಚರ್?"

ಹನ್ನೊಂದು ಮಂದಿ ಚಾಪೆಯ ಮೇಲೆ.
ಬ್ಯಾಡಗಿಯ ಕಾಯಿಯ ತುಂಬು ಬಿಡಿಸುವ ಬೆರಳುಗಳು
ಮಡಿಲಲ್ಲಿ ಕೆಲಸವಿಲ್ಲದೆ
ಸೆರಗಿನ ಅಂಚನ್ನೇ ಚಿವುಟುತ್ತಿದ್ದವು.
ಅವರದೇ ಚಿತ್ರ. ಹೋದ ಮಾಘದಲ್ಲಿ
ಕೆಂಪು ರಾಶಿಯ ಬದಿಗೆ ಕೂತು ನಾನು ತೆಗೆದದ್ದು.

ಇಲ್ಲಿಯ ಬಾಣ ಜಾರಿ ಅಲ್ಲಿಗೆ ಹೋಗಿ ಕಳೆಯಿತು.
"ಅಕ್ಕಾ, ಟೀವ್ಯಾಗ ಐತ್ರಿ, ಬಲಕ್ಕ, ಇನ್ನೂ ಬಲಕ್ಕ"
ಅಂತ ಹೊನ್ನವ್ವನ ಮಗ ದಾರಿ ಹೇಳಿ
ಓಡಿಹೋದ ಕುರಿಮರಿಯ ಹಾಗೆ ಅದನ್ನು ಹಟ್ಟಿಗೆ ತಂದ.
ಚಿತ್ರ ಬಂತು.

ದನಿ ಬರಲಿಲ್ಲ.
ಹೋದ ಮಳೆಗಾಲದಲ್ಲೇ ಸತ್ತ
ಲ್ಯಾಪ್‌ಟಾಪಿನ ಗಂಟಲಲ್ಲಿ
ಹನ್ನೊಂದು ಮಂದಿಯ ಮಾತು ಸಿಕ್ಕಿಕೊಂಡಿತ್ತು.

ನಾನು ಸೆಟ್ಟಿಂಗಿನೊಳಗೆ ಇಳಿದೆ.
ಅಷ್ಟರಲ್ಲಿ
ಟೀವಿಯ ಫಕ್ಕೀರವ್ವ ಬಾಯಿ ತೆಗೆದಳು.
ಚಾಪೆಯ ಫಕ್ಕೀರವ್ವ ಅವಳ ಪರವಾಗಿ ಅಂದಳು:
"ಎಪ್ಪಾ ತೂಕದವನ, ತಕ್ಕಡಿ ಮ್ಯಾಲಿನ ಬೆರಳ ತಗಿ!"

ನಗು. ಆಮೇಲೆ ಹೊನ್ನವ್ವ,
ಟೀವಿಯಲ್ಲಿ ತನ್ನ ತುಟಿ ಅಲುಗುವುದನ್ನೇ ಕಾದು:
"ಮುಂಜಾನೆ ಒಂದ ರೇಟ, ಸಂಜಿಗೆ ಒಂದ ರೇಟ,
ನಿನ್ನ ನಾಲಿಗಿಗೆ ಎಲುಬಿಲ್ಲ ಖರೆ,
ಬೆನ್ನಿಗೂ ಇಲ್ಲೇನ?"

ಹುಸೇನಬೀ ಅಲ್ಲಿ ತಲೆ ತಗ್ಗಿಸಿ ಏನೋ ಅನ್ನುತ್ತಿದ್ದಳು.
ಇಲ್ಲಿ ತಲೆ ಎತ್ತಿ ಅಂದಳು:
"ಈ ಹುಡುಗಿ ಮುಂಜಾನಿಂದ ಕ್ಯಾಮೆರಾ ಹಿಡಕೊಂಡ ಕುಂತಾಳ,
ಕೈಯಾಗ ಒಂದ ಕಾಯಿ ಹಿಡದಿಲ್ಲ ನೋಡ."
ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು.
ನಾನೂ ನಕ್ಕೆ, ತುಸು ತಡವಾಗಿ.

ಪಟ್ಟಿಯಲ್ಲಿ ಟೀವಿಯ ಹೆಸರು ಸಿಕ್ಕಿತು. ಒತ್ತಿದೆ.

ಒಮ್ಮೆಲೇ ಮನೆ ತುಂಬ:
"ಏನೂ ತೊಂದ್ರಿಲ್ರಿ.
ಎಲ್ಲಾ ಚಲೋ ಐತ್ರಿ.
ಸಾವಕಾರ್ರು ಛಲೋ ನೋಡ್ಕೋತಾರ್ರಿ."
ಮತ್ತೆ ಕೆಮ್ಮು.

ಮೂರು ತಿಂಗಳು ಕೂತು ತೊಳೆದ ದನಿ ಅದು.
ಗಾಳಿ ತೆಗೆದಿದ್ದೆ, ಲಾರಿಯ ಹಾರ್ನ್ ತೆಗೆದಿದ್ದೆ.
ಕೆಮ್ಮು ಮಾತ್ರ
ಮಾತಿನ ತುದಿಗೆ ಗಟ್ಟಿ ಹಿಡಿದಿತ್ತು,
ಅದರ ತುಂಬು ಬಿಡಿಸಲು ನನಗೆ ಬರಲಿಲ್ಲ.

ಚಾಪೆಯ ಮೇಲೆ ಯಾರೂ ಕೆಮ್ಮಲಿಲ್ಲ.
ತಮ್ಮ ದನಿಯನ್ನು
ಯಾರೋ ಬೀಗರು ಬಂದ ಹಾಗೆ
ಸೆರಗು ಸರಿಮಾಡಿಕೊಂಡು ಕೇಳಿದರು.

ಫಕ್ಕೀರವ್ವ ರಿಮೋಟ್ ತಗೊಂಡಳು.
ಪ್ಲಾಸ್ಟಿಕ್ಕಿನ ಮೇಲಿಂದಲೇ ಒಮ್ಮೆ ಒತ್ತಿದಳು, ಆಗಲಿಲ್ಲ.
ಇನ್ನೊಮ್ಮೆ ಒತ್ತಿದಳು.
ಪರದೆಯ ಮೂಲೆಯಲ್ಲಿ
ಗೀಟು ಹೊಡೆದ ಸಣ್ಣ ಕಹಳೆ.

"ಹೂಂ, ಮೊದಲಿಂದ ಹಾಕವಾ."

ಹಿಂದಕ್ಕೆ ಓಡಿಸಿದೆ.
ಹುಸೇನಬೀ ಎಲೆಯಡಿಕೆ ಉಗಿದು ಬಂದು,
ಬಾಯಿ ಒರೆಸಿಕೊಂಡು,
ಮುಂದಿನ ಸಾಲಿಗೆ ಜರುಗಿ ಕೂತಳು.