ಒದ್ದೆ ಇರಲಿ

ಪಿರಸಿಕಾಬದ ಗಾಳಿಗೆ ಕಬ್ಬು ಸುಟ್ಟ ವಾಸನೆ.
ಕಿಟಕಿ ಮುಚ್ಚು ಒಸ್ಮಾರ್, ಮಸಿ ಬಂದು ಕೂರುತ್ತೆ ಮಾದರಿಯ ಮೇಲೆ,
ಅನ್ನುವರು ಪ್ರೊಫೆಸರ್ ಝೊರೈಡಿ.
ಮೂವತ್ತೊಂದು ವರ್ಷ ಅದೇ ಕಿಟಕಿ, ಅದೇ ಮಾತು.

ನಾನು ಓದಿದವನಲ್ಲ. ಹಲ್ಲು ಕೊಯ್ಯುವವನು.
ವಜ್ರದಂಚಿನ ಗರಗಸ, ತೊಟ್ಟಿಕ್ಕುವ ನೀರು,
ಬೆಂಕಿಕಡ್ಡಿಗಿಂತ ತೆಳುವಾದ ಕಡ್ಡಿಗಳು:
ಆ ತುದಿ ಹಲ್ಲು, ಈ ತುದಿ ಗಾರೆ, ನಡುವೆ ಕಾಣದ ಅಂಟು.
ಎತ್ತಿನ ಹಲ್ಲು ಕಸಾಯಿಖಾನೆಯಿಂದ ಬಕೆಟ್ಟಿನಲ್ಲಿ ಬರುತ್ತಿತ್ತು;
ಮನುಷ್ಯರದು ಸೀಸೆಯಲ್ಲಿ, ಓಮದ ವಾಸನೆಯ ನೀರಿನಲ್ಲಿ,
ಹೆಸರಿಲ್ಲದೆ. ಹೆಸರು ಬರೆಯಕೂಡದೆಂಬುದು ನಿಯಮ.
ಆದರೂ ಕೆಲವು ಕಂಡಕೂಡಲೇ ಗೊತ್ತಾಗುತ್ತಿತ್ತು,
ಇದು ಗದ್ದೆಯಲ್ಲಿ ಊಟದ ಬದಲು
ಕಬ್ಬು ಸಿಗಿದು ಸಿಗಿದು ಸವೆದದ್ದು.

ಅವ್ವ ಮದುವೆಯ ಹಿಂದಿನ ವಾರ
ಇದ್ದ ಹಲ್ಲನ್ನೆಲ್ಲ ಕೀಳಿಸಿಕೊಂಡಳು.
ಇಪ್ಪತ್ತೊಂದು ವಯಸ್ಸು. ಅವಳಪ್ಪನ ಉಡುಗೊರೆ ಅದು,
ಮುಂದೆ ಗಂಡನಿಗೆ ಖರ್ಚಿಲ್ಲದಿರಲಿ ಎಂದು.
ಫೋಟೋದಲ್ಲಿ ಕೈ ಬಾಯಿಯ ಮೇಲಿದೆ.
ಒಮ್ಮೆ ಗರಗಸ ತೊಳೆಯುತ್ತ ಇದನ್ನು ಹೇಳಿದೆ.
ಪ್ರೊಫೆಸರ್ ಏನೂ ಅನ್ನಲಿಲ್ಲ.
ಆ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ಹುಡುಗರಿಗೆ ಅವರು ಕಲಿಸಿದ್ದು ಇಷ್ಟೇ:
ಹದಿನೈದು ಎಣಿಸುವವರೆಗೆ ಆಮ್ಲ. ತೊಳೆ. ಒಣಗಿಸಬೇಡ.
ಒಣಗಿದರೆ ಒಳಗಿನ ಎಳೆಗಳೆಲ್ಲ ಕುಸಿದು ಕೂರುತ್ತವೆ,
ಹಿಂಡಿ ಮೂಲೆಗೆಸೆದ ಬಟ್ಟೆಯ ಹಾಗೆ;
ಅಂಟಿಗೆ ಒಳಹೋಗಲು ಸಂದಿಲ್ಲ.
ನೀರು ನಿಂತರೂ ಕೆಟ್ಟಿತು.
ಹೊಳೆಯಬೇಕು, ಹರಿಯಬಾರದು.
ಎಷ್ಟು ಒದ್ದೆ, ಪ್ರೊಫೆಸರ್?
ಅತ್ತು ಸುಮ್ಮನಾದ ಮಗುವಿನ ಕಣ್ಣಿನಷ್ಟು.
(ಪುಸ್ತಕದಲ್ಲಿ ಹಾಗೆ ಬರೆಯಲಿಲ್ಲ.)

ಕಂಪನಿಯವನೊಬ್ಬ ಬಂದ, ಒಂದು ದಿನದ ಲೆಕ್ಕ ಸಾಕು ಅಂದ.
ಒಂದು ದಿನಕ್ಕೆ ಯಾವ ಅಂಟು ಗಟ್ಟಿಯಲ್ಲ,
ಹೊಸ ಮದುಮಕ್ಕಳ ಹಾಗೆ!
ವರ್ಷವಿಡೀ ನೀರಲ್ಲಿಟ್ಟು ಎಳೆದೆವು.
ಅರ್ಧಕ್ಕರ್ಧ ಬಲ ಕರಗಿತ್ತು.
ಎರಡೂ ಲೆಕ್ಕ ಅಚ್ಚಾಯಿತು. ದುಡ್ಡು ನಿಂತಿತು.
ಹಳೇ ಯಂತ್ರಕ್ಕೆ ಎರಡು ವರ್ಷ ನಾನೇ ಸ್ಪ್ರಿಂಗು ಕಟ್ಟಿದೆ,
ಹಲ್ಲು ಕಚ್ಚಿಕೊಂಡು.

ಕಡ್ಡಿ ಮುರಿದಾಗೆಲ್ಲ ಅವರದು ಒಂದೇ ಪ್ರಶ್ನೆ,
ಎಷ್ಟಕ್ಕೆ ಅಂತಲ್ಲ, ಎಲ್ಲಿ ಅಂತ.
ಹಲ್ಲಿನಲ್ಲೋ? ಅಂಟಿನಲ್ಲೋ? ಎರಡೂ ಸೇರಿದ ಕಡೆಯೋ?
ಅವರ ಗಂಡ ಸಾಂತೋಸಿಗೆಂದು ಹೋಗಿ ಮರಳದ ವರ್ಷ
ಆ ಕಾಲಮ್ಮಿನಲ್ಲಿ ಒಂದೇ ಪದವನ್ನು
ಮೂರು ಸಲ ಅಳಿಸಿ ಬರೆದದ್ದು ಕಂಡೆ:
ಸೇರಿದ ಕಡೆ.

ಶುಕ್ರವಾರ ಅವರ ಕಡೆಯ ದಿನ. ಕೇಕು, ಭಾಷಣ,
ಯಾರೋ ತಂದ ಆರ್ಕಿಡ್.
ಎಲ್ಲ ಹೋದ ಮೇಲೆ ಬೀಗದ ಕೈ ನನ್ನ ಅಂಗೈಗೆ ಹಾಕಿದರು.
ಮೂಲೆಯ ಸೀಸೆಯಲ್ಲಿ ಹತ್ತೊಂಬತ್ತು ವರ್ಷದ ಐದು ಕಡ್ಡಿ,
ಇನ್ನೂ ಎಳೆಯದೆ ಉಳಿದವು.
ಎಳೆದು ನೋಡೋಣವೇ, ಅಂದೆ.
ಸೀಸೆಯನ್ನು ಬೆಳಕಿಗೆ ಹಿಡಿದರು. ಇದ್ದಲ್ಲೇ ಇಟ್ಟರು.
ಸೋಮವಾರ ನೀರು ಬದಲಿಸು, ಅಂದರು.

ಇವತ್ತು ಸೋಮವಾರ.
ಆಚೆ ಕಬ್ಬು ಉರಿಯುತ್ತಿದೆ.
ಕಿಟಕಿ ಮುಚ್ಚಿದ್ದೇನೆ.