ಮೀಟರಿನವಳ ಲೆಕ್ಕ

ಇಪ್ಪತ್ತೆರಡು ವರ್ಷದಿಂದ ನಾನು ಗೋಡೆಗಳನ್ನು ಓದುತ್ತಿದ್ದೇನೆ.
ನಾರಿನ್ ನದಿಯ ಮೇಲ್ದಂಡೆಯಲ್ಲಿ ನೂರಾ ಹದಿನಾಲ್ಕು ಮನೆ,
ನೂರಾ ಹದಿನಾಲ್ಕು ಪೆಟ್ಟಿಗೆ, ಒಳಗೆ ತಿರುಗುವ ಒಂದೊಂದು ಬಿಲ್ಲೆ.
ಗಾಜಿನ ಮೇಲೆ ಕೂತ ಹಿಮವನ್ನು ಕೈಗವಸಿನಿಂದ ಉಜ್ಜಿ
ಅಂಕಿ ಬರೆದುಕೊಳ್ಳುತ್ತೇನೆ.
ನಾಯಿಗಳಿಗೆ ನನ್ನ ಹೆಜ್ಜೆ ಗೊತ್ತು. ಜನಕ್ಕೆ ನನ್ನ ಮುಖ ಕಂಡರಾಗದು.

ಊರು ಬೆಳೆದಿಲ್ಲ, ಅದರ ಹಸಿವು ಬೆಳೆದಿದೆ.
ಬುರುಲ್ಚಾಳ ರೊಟ್ಟಿಯೊಲೆ ಈಗ ಕರೆಂಟಿನದು.
ಶಾಲೆಯಲ್ಲಿ ಕಲ್ಲಿದ್ದಲು ಬಿಟ್ಟು ಹೀಟರ್ ಇಟ್ಟರು,
ಮಕ್ಕಳ ಮೂಗಿನ ಹೊಳ್ಳೆ ಕಪ್ಪಾಗುವುದು ನಿಂತಿತು.
ಅಸಿಲ್‌ಗುಲ್ ಉಣ್ಣೆ ತೊಳೆಯುವ ಯಂತ್ರ ತಂದಳು.
ಯಾರದ್ದು ತಪ್ಪೆಂದು ಬರೆಯಲಿ?
ನನ್ನ ಪುಸ್ತಕದಲ್ಲಿ ತಪ್ಪಿಗೊಂದು ಕಾಲಂ ಇಲ್ಲ.

ಕೆಳಗಿನ ದೊಡ್ಡ ಜಲಾಶಯ ಮಾತ್ರ ವರ್ಷವರ್ಷ ಇಳಿಯುತ್ತಿತ್ತು,
ತೊಟ್ಟಿಯ ಅಂಚಿನ ಕೊಳೆಯಂತೆ
ಬಂಡೆಗಳಲ್ಲಿ ಬಿಳಿ ಗೆರೆಯ ಕೆಳಗೆ ಗೆರೆ.
ಜನವರಿಯಲ್ಲಿ ಕತ್ತಲು ಬರುವ ಮೊದಲೇ ಕರೆಂಟು ಹೋಗುತ್ತಿತ್ತು.
ಸಂತೆಬೀದಿಯ ಟ್ರಾನ್ಸ್‌ಫಾರ್ಮರ್ ಮುದಿ ಒಂಟೆಯ ಹಾಗೆ ಗೊರಗೊರ ಎಂದು
ಒಂದು ರಾತ್ರಿ ಸುಮ್ಮನಾಯಿತು. ಮೈನಸ್ ಇಪ್ಪತ್ತೊಂಬತ್ತು.
ನಾದಿಟ್ಟ ಹಿಟ್ಟು ಹಾಗೇ ಕಲ್ಲಾಯಿತು.

ಹನಿ ಹನಿ ಕೂಡಿದರೆ ಹಳ್ಳ, ಸರಿಯೇ.
ನಮ್ಮಲ್ಲಿ ಹಳ್ಳ ಮೊದಲೇ ಇತ್ತು,
ಹಿಮನದಿಯ ಬುಡದಿಂದ ಊರ ಬೆನ್ನಿಗೇ ಧುಮುಕುವ ಹಳ್ಳ.
ಹನಿ ನಾವು ತರಬೇಕಿತ್ತು.

ತಿಂಗಳಿಗೊಮ್ಮೆ ಹೆಂಗಸರ ಶೆರಿನೆ:
ಒಬ್ಬಳ ಮನೆಯಲ್ಲಿ ಊಟ, ಎಲ್ಲರ ದುಡ್ಡು ಒಬ್ಬಳ ಕೈಗೆ,
ಹೊಲಿಗೆಯಂತ್ರಕ್ಕೋ ಮದುವೆಯ ಕಂಬಳಿಗೋ.
ಆ ಸಲ ದುಡ್ಡು ಯಾರ ಕೈಗೂ ಹೋಗಲಿಲ್ಲ,
ಚಹದ ಬಟ್ಟಲುಗಳ ನಡುವೆ ಬಿದ್ದೇ ಇತ್ತು.
ಬಿಷ್ಕೆಕ್‌ನಿಂದ ಬಂದ ಎರ್ಮೆಕ್, ಮೀಸೆ ಮೂಡದ ಇಂಜಿನಿಯರ್,
ಎತ್ತರ ಅಳೆದು, ನೀರು ಅಳೆದು, ಕೊನೆಗೆ ನಮ್ಮನ್ನೂ ಅಳೆದು ಹೇಳಿದ:
ಬ್ಯಾಂಕು ಅರ್ಧ ಕೊಡುತ್ತದೆ, ಅರ್ಧ ನಿಮ್ಮದು.
ಒಂದು ಪಾಲಿಗೆ ಒಂದು ಕುರಿಯ ಬೆಲೆ.
ಹಾಕಿದ್ದು ತಿರುಗಿ ಬರಲು ಹನ್ನೊಂದು ವರ್ಷ.

"ಹನ್ನೊಂದು!" ಎಂದ ಜುಮಗಾಜಿ, ಎಂಬತ್ತರ ಮುದುಕ.
"ಕುರಿಯಾದರೆ ಐದು ತಿಂಗಳಿಗೆ ಮರಿ ಹಾಕುತ್ತದೆ,
ನಿನ್ನ ಕಬ್ಬಿಣ ಏನು ಹಾಕುತ್ತದೆ?"
ಎರ್ಮೆಕ್‌ಗೆ ಉತ್ತರ ಹೊಳೆಯಲಿಲ್ಲ.
"ರೊಟ್ಟಿ" ಎಂದಳು ಬುರುಲ್ಚಾ.

ಮುದುಕ ಕುರಿ ಕೊಡಲಿಲ್ಲ. ನಲವತ್ತು ವರ್ಷದ ಹಿಂದೆ
ಕಟ್ಟದೇ ಹೋದ ಮನೆಯ ಸೂರಿಗೆಂದು ನೆಟ್ಟ ಪಾಪ್ಲರ್ ಮರ
ಇಪ್ಪತ್ತಾರು ಕಡಿಸಿ ಕಂಬಕ್ಕೆ ಕೊಟ್ಟ.
ರಸೀದಿ ಕೇಳಿ ಮೂರು ಸಲ ನನ್ನ ಬಾಗಿಲು ತಟ್ಟಿದ.

ಟರ್ಬೈನು ಗಡಿಯಲ್ಲಿ ಎರಡು ತಿಂಗಳು ಕೂತಿತು.
ಸುಂಕದವನ ಮುಂದೆ ಸುಖದುಃಖ ಹೇಳಿ ಹೇಳಿ ಎರ್ಮೆಕ್ ಸೊರಗಿದ.
ಎರಡು ಮನೆಯವರು ಪಾಲು ವಾಪಸ್ ಕೇಳಿದರು. ಕೊಟ್ಟೆವು.

ಮೊನ್ನೆ ನೂರಾ ಹದಿನೈದನೆಯ ಮೀಟರ್ ಓದಿದೆ.
ಹಳ್ಳದ ಪಕ್ಕದ ಶೆಡ್ಡಿನ ಗೋಡೆಯಲ್ಲಿದೆ ಅದು.
ಉಳಿದವು ಊರು ತಿಂದದ್ದನ್ನು ಎಣಿಸುತ್ತವೆ,
ಇದು ಊರು ಬೇಯಿಸಿದ್ದನ್ನು.
ಗಾಜಿಗೆ ಉಸಿರೂದಿ ನೋಡಿದೆ: ಸೊನ್ನೆ ಸೊನ್ನೆ ನಾಲ್ಕು ಏಳು.
ಇಷ್ಟು ವರ್ಷ ಬಾಕಿ ಬರೆದ ಪೆನ್ಸಿಲ್ಲು
ಯಾವ ಕಾಲಮ್ಮಿಗೆ ಇಳಿಯಬೇಕೆಂದು ತಿಳಿಯದೆ ನಿಂತಿತು.

ಎಲ್ಲ ಮುಗಿಯಿತೆಂದಲ್ಲ. ಬರುವ ಚಳಿಗೆ ಹೀಟರು ಇನ್ನೂ ಹೆಚ್ಚುತ್ತವೆ.
ನೀರು ಒಳಹೋಗುವ ಬಾಯಿಗೆ ರಾತ್ರಿ ಮಂಜುಗಡ್ಡೆ ಕಟ್ಟುತ್ತದೆ,
ಹಾರೆಯಿಂದ ಒಡೆಯಲು ಪಾಳಿ ಹಾಕಿದ್ದೇವೆ.
ಗುರುವಾರ ನನ್ನದು.