ಎಲೆ ಲೆಕ್ಕ

ಹಿರಿಯಡ್ಕದ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವವನು ನಾನು.
ಇಪ್ಪತ್ತಾರು ವರ್ಷ ಎಲೆ ತೂಗಿ, ಹೊಗೆಸೊಪ್ಪು ತೂಗಿ,
ಬಂದ ಕಟ್ಟು ಎಣಿಸಿ, ಸಡಿಲಾದದ್ದನ್ನು ಬದಿಗೆ ಸರಿಸಿ
ಹೆಂಗಸರ ಬೈಗುಳ ತಿಂದವನು.

ಆದರೂ ಆ ಇನ್ನೊಂದು ಪುಸ್ತಕ,
ಇನ್ನೂರು ಪುಟದ್ದು, ರಟ್ಟಿನ ಮೇಲೆ ನವಿಲು,
ನನ್ನ ಕೈಗೆ ಕೊಟ್ಟವರು ಅವರೇ.
'ಬೀಡಿಯಲ್ಲಿ ಕದಿಯುತ್ತೀರಿ, ಗೊತ್ತುಂಟು.
ಇದರಲ್ಲಿ ಕದಿಯಲಿಕ್ಕಿಲ್ಲ' ಎಂದರು ಗುಲಾಬಿ ಪೂಜಾರ್ತಿ.
ಎಲ್ಲರೂ ನಕ್ಕರು. ನಾನೂ.

ವಿಷಯ ಇಷ್ಟೇ:
ಜಲಜ ನಾಯ್ಕಳ ಮಗಳು ಸುಜಿತಾಳಿಗೆ
ಧಾರವಾಡದಲ್ಲಿ ಸೀಟು, ಬಿಎಸ್ಸಿ ಕೃಷಿ.
ಕೃಷಿಕರ ಕೋಟಾಕ್ಕೆ ಅರ್ಜಿ ನಿಲ್ಲಲಿಲ್ಲ, ಅದಕ್ಕೆ ಪಹಣಿ ಬೇಕು.
ಇರುವುದು ಐದು ಸೆಂಟ್ಸ್; ಅದರಲ್ಲಿ ಮನೆ, ಬಚ್ಚಲು,
ಉಳಿದ ಮೂಲೆಗೆ ಒಂದು ನುಗ್ಗೆ.
'ನುಗ್ಗೆ ಕೃಷಿಯಲ್ಲವಾ?' ಎಂದು ಕೇಳಿದಳಂತೆ ಆಫೀಸಿನಲ್ಲಿ.
ಗುಮಾಸ್ತ ತಲೆ ಎತ್ತಲಿಲ್ಲ.

ಶನಿವಾರ ಮಜೂರಿ ಕೊಡುವ ಹೊತ್ತಿಗೆ
ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ.
ಅರ್ಧ ಕಟ್ಟಿನ ದುಡ್ಡು, ಒಂದು ಕಟ್ಟಿನ ದುಡ್ಡು.
ಅಷ್ಟರಲ್ಲಿ ಹಾಸ್ಟೆಲಿನ ಊಟ ನಡೆಯುವುದಿಲ್ಲ,
ಹಾಗಾಗಿ ನಾನು ಬಸ್ಸು ಹತ್ತಿದೆ.
ಮಂಗಳೂರು ಬಂದರಿನ ಒಣಮೀನಿನ ಇದ್ದಿನಬ್ಬ
ಎಣಿಸದೆ ಕೊಟ್ಟರು, ಹೆಸರು ಬರೆಯಲು ಬಿಡಲಿಲ್ಲ.
'ಮೀನು' ಎಂದು ಬರೆದೆ.
ಶಿರ್ವದ ಟೈಲರ್ ಬೆನೆಡಿಕ್ಟರು ಲ್ಯಾಬಿನ ಬಿಳಿ ಕೋಟು ಹೊಲಿದು
'ಬೆಳೆಯುವ ಹುಡುಗಿ' ಎಂದು
ತೋಳಿನೊಳಗೆ ಎರಡಿಂಚು ಮಡಚಿ ಬಿಟ್ಟರು.
ಮುಂಬೈ ಹೋಟೆಲಿನ ಶೆಟ್ಟರಿಗೆ ಫೋಟೋ ಬೇಕಿತ್ತು,
ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು.
ಹುಡುಗಿ ನಿಂತಳು. ಕಣ್ಣು ಮಾತ್ರ ಪಕ್ಕದ ಕ್ರೋಟನ್ ಗಿಡದ ಮೇಲೆ.
'ಅದಕ್ಕೆ ಹಿಟ್ಟುತಿಗಣೆ ಹಿಡಿದಿತ್ತು ಮಾಮ,'
ಬಸ್ಸಿನಲ್ಲಿ ಹೇಳಿದಳು.

ಜಲಜನೂ ಡಬ್ಬಿಗೆ ಹಾಕುತ್ತಿದ್ದಳು.
'ನಿನ್ನ ಮಗಳಿಗೇ ಅಲ್ಲವಾ, ನಿನಗ್ಯಾಕೆ?'
'ಎಲ್ಲರೂ ಹಾಕುವಾಗ ನಾನೊಬ್ಬಳು
ಪರ್ಸು ಮುಚ್ಚಿ ಕೂರಲಾ?'
ಬರೆದೆ: ಜಲಜ, ಇಪ್ಪತ್ತು.
ನಾಲ್ಕು ವರ್ಷದಲ್ಲಿ ಒಂದೇ ಶನಿವಾರ ಖಾಲಿ, ಚಿಕುನ್‌ಗುನ್ಯಾದ ವಾರ.
ಮುಂದಿನ ಸಾಲಿನಲ್ಲಿ ನಲವತ್ತು.

ಎರಡನೆಯ ವರ್ಷ ಒಂದು ಪತ್ರ, ನನ್ನ ಹೆಸರಿಗೆ.
'ಮಣ್ಣಿನ ರಸಾಯನಶಾಸ್ತ್ರದಲ್ಲಿ ಫೇಲು. ಯಾರಿಗೂ ಹೇಳಬೇಡಿ.
ಓದಲು ಕೂತರೆ ಪುಟದ ಅಂಚಿನಲ್ಲಿ ಒಬ್ಬೊಬ್ಬರ ಮುಖ.
ಸಾಲವಾಗಿದ್ದರೆ ತೀರಿಸಬಹುದಿತ್ತು,
ಇದನ್ನು ಏನು ಮಾಡುವುದು ಮಾಮ?'
ಮೂರು ದಿನ ಉತ್ತರ ಹೊಳೆಯಲಿಲ್ಲ.
ಮರುಪರೀಕ್ಷೆಯ ಫೀಸು ನನ್ನ ಕಿಸೆಯಿಂದ ಕಳಿಸಿ
ಪುಸ್ತಕದಲ್ಲಿ 'ಇತರೆ' ಎಂದು ಬರೆದು
ಮೊತ್ತದ ಜಾಗ ಹಾಗೇ ಬಿಟ್ಟೆ.
ಗುಲಾಬಿ ಪೂಜಾರ್ತಿ ಹೇಳಿದ ಹಾಗೆ
ಇದೊಂದು ಕಳ್ಳಲೆಕ್ಕ.

ಈ ಮೇ ತಿಂಗಳು ಬಂದಳು, ಕೊನೆಯ ಪರೀಕ್ಷೆ ಮುಗಿಸಿ.
ಚೀಲದಲ್ಲಿ ಸರ್ಟಿಫಿಕೇಟು ಇನ್ನೂ ಇಲ್ಲ,
ಒಂದು ಪೇಪರಿನ ಪೊಟ್ಟಣ.
ಬಿಚ್ಚಿದರೆ ಹಳದಿ ಹಣ್ಣು, ನೆಲ್ಲಿಗಿಂತ ತುಸು ದೊಡ್ಡವು,
ಬಸ್ಸಿನಲ್ಲಿ ಅರ್ಧ ಜಜ್ಜಿಹೋದವು.
'ತುಮರಿ ಹಣ್ಣು. ಅಲ್ಲಿಯ ಗುಡ್ಡದಲ್ಲಿ ಮರ ಉಂಟು.
ನೀವು ಸುತ್ತುವುದು ಇದರದೇ ಎಲೆ.'

ಕತ್ತರಿ ನಿಂತಿತು.
ಗುಲಾಬಿ ಪೂಜಾರ್ತಿ ಒಂದನ್ನೆತ್ತಿ ಮೂಸಿದರು.
'ನಲವತ್ತು ವರ್ಷ ಈ ಎಲೆ ಕತ್ತರಿಸಿದ್ದೇನೆ,
ಮರವೊಂದು ಇರಬಹುದೆಂದೇ ತೋಚಲಿಲ್ಲ ಮಾರಾಯ್ತಿ.
ಎಲೆ ಅಂದರೆ ಗೋಣಿಯಲ್ಲಿ ಬರುವುದು.'
ಹದಿನೇಳು ಹಣ್ಣು, ಇಪ್ಪತ್ತೊಂಬತ್ತು ಹೆಂಗಸರು.
ಬೀಡಿಯ ಕತ್ತರಿಯಿಂದಲೇ ಹೋಳು ಮಾಡಿದರು.
ಸಿಹಿ ಎಂದಳು ಒಬ್ಬಳು. ಒಗರು ಎಂದಳು ಇನ್ನೊಬ್ಬಳು.
ಜಲಜ ಏನೂ ಹೇಳದೆ
ಬೀಜವನ್ನು ಕೆನ್ನೆಯೊಳಗೆ ತುಂಬ ಹೊತ್ತು ಇಟ್ಟುಕೊಂಡಿದ್ದಳು.

ನವಿಲಿನ ಪುಸ್ತಕ ತೆರೆದೆ.
ಜಮೆಯೋ ಖರ್ಚೋ ತಿಳಿಯದೆ ಮುಚ್ಚಿದೆ.
'ಹೊತ್ತಾಯಿತು, ಕಟ್ಟು ಎಣಿಸಿ' ಎಂದರು.
ಎಣಿಸಿದೆ. ಜಲಜನದು ಸಾವಿರಕ್ಕೆ ಹದಿಮೂರು ಕಮ್ಮಿ.
ಹೇಳಿದೆ.
ಮಗಳೆದುರೇ ಬೈದಳು.